ಹಸುಗೂಸಿನ ದುಡಿಮೆಯನ್ನು ಕಂಡವರು: ಮರಿಯಾ ಮಾಂಟೆಸರಿ

ಮಾಂಟೆಸರಿ ಎಂಬ ಹೆಸರನ್ನು ಕೇಳದ ಕುಟುಂಬ ನಮ್ಮಲ್ಲಿ ವಿರಳ. ನಗರದ ಬಡಾವಣೆಗಳಲ್ಲಿಯೂ ಸಣ್ಣ ಪೇಟೆಗಳಲ್ಲಿಯೂ ಕಾನ್ವೆಂಟುಗಳ ಆವರಣದಲ್ಲಿಯೂ ಆ ಹೆಸರು ಹೊತ್ತ ಶಿಶುಶಾಲೆಗಳಿವೆ. ಆದರೆ ಅದು ಒಬ್ಬ ಮಹಿಳೆಯ ಹೆಸರೆಂಬುದು, ಆಕೆ ಇಟಲಿಯ ಕಥೋಲಿಕ ಮನೆತನದಲ್ಲಿ ಹುಟ್ಟಿದ ವೈದ್ಯೆ ಎಂಬುದು, ತಮ್ಮ ಇಳಿವಯಸ್ಸಿನ ಹಲವು ವರ್ಷಗಳನ್ನು ನಮ್ಮ ದಕ್ಷಿಣ ಭಾರತದಲ್ಲಿಯೇ ಕಳೆದರೆಂಬುದು ಎಲ್ಲರಿಗೂ ತಿಳಿದಿರಲಾರದು. ಶಾಲೆಯ ಮಗುವಿನ ಕುರಿತು ಅವರು ಕಲಿಸಿದ್ದು ಲೋಕಪ್ರಸಿದ್ಧವಾಯಿತು. ಶಾಲೆಯ ಮೆಟ್ಟಿಲು ಹತ್ತುವುದಕ್ಕೆ ಬಹಳ ಮುಂಚೆ, ತೊಟ್ಟಿಲಲ್ಲಿಯೂ ಚಾಪೆಯ ಮೇಲೂ ಇರುವ ಕೂಸಿನ ಕುರಿತು ಕಲಿಸಿದ್ದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಮನೆಯಲ್ಲಿ ಹಸುಗೂಸುಗಳಿರುವ ನಮ್ಮ ಕುಟುಂಬಗಳಿಗೆ ಹೆಚ್ಚು ಉಪಯುಕ್ತವಾದುದು ಇದೇ. ಆದ್ದರಿಂದ ಈ ವಾರ ಅವರ ಬದುಕನ್ನು ಸ್ಮರಿಸೋಣ.

ವೈದ್ಯೆಯಾದ ಬಗೆ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ಪ್ರಾಂತದ ಕ್ಯಾರವಾಲೆ ಎಂಬ ಪಟ್ಟಣದಲ್ಲಿ. ತಂದೆ ಅಲೆಸ್ಸಾಂಡ್ರೊ ಸರಕಾರಿ ಅಧಿಕಾರಿ, ಹಳೆಯ ಕಟ್ಟುಪಾಡಿನವರು. ತಾಯಿ ರೆನಿಲ್ಡೆ ಓದಿನಲ್ಲಿ ಪ್ರೀತಿಯುಳ್ಳ ಭಕ್ತ ಗೃಹಿಣಿ. ಇವರಿಗೆ ಮರಿಯಾ ಏಕಮಾತ್ರ ಸಂತಾನ. 1875ರಲ್ಲಿ ಕುಟುಂಬ ರೋಮಿಗೆ ಬಂದು ನೆಲಸಿತು.

ಆ ಕಾಲದಲ್ಲಿ ಓದಿದ ಹೆಣ್ಣುಮಗಳಿಗೆ ಶಿಕ್ಷಕಿಯ ವೃತ್ತಿಯೊಂದೇ ಸಭ್ಯ ಮಾರ್ಗವೆಂದು ತಿಳಿಯಲಾಗಿತ್ತು. ಮರಿಯಾ ಅದನ್ನು ಬೇಡವೆಂದರು. ಹುಡುಗರ ತಾಂತ್ರಿಕ ಶಾಲೆಗೆ ಸೇರಿದರು. ಮುಂದೆ ವಿಜ್ಞಾನ ಓದಿ, ವೈದ್ಯವಿದ್ಯೆಯ ಬಾಗಿಲು ತಟ್ಟಿದರು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಬೆನ್ನಿಗೆ ನಿಂತರು. ಗಂಡಸರ ಜೊತೆಯಲ್ಲಿ ಶವಚ್ಛೇದನದ ಪಾಠಕ್ಕೆ ಹೆಣ್ಣು ಕೂರಬಾರದೆಂಬ ಕಾರಣದಿಂದ ಸಂಜೆ ಎಲ್ಲರೂ ಹೊರಟುಹೋದ ಮೇಲೆ ಅವರು ಒಬ್ಬಂಟಿಯಾಗಿ ಶವಗಳ ನಡುವೆ ಕಲಿಯಬೇಕಾಯಿತು. 1896ರ ಜುಲೈ ತಿಂಗಳಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಇಟಲಿಯ ಮೊದಮೊದಲ ಮಹಿಳಾ ವೈದ್ಯರ ಸಾಲಿಗೆ ಸೇರಿದರು.

ಆ ವಿದ್ಯಾರ್ಥಿದೆಸೆಯ ಒಂದು ಘಟನೆಯನ್ನು ಅವರ ಜೀವನಚರಿತ್ರೆಯಲ್ಲಿ ಹೇಳಲಾಗುತ್ತದೆ. ಎಲ್ಲರ ವಿರೋಧದಿಂದ ಬೇಸತ್ತು, ಓದನ್ನು ಬಿಟ್ಟುಬಿಡುವ ನಿರ್ಧಾರ ಮಾಡಿ ಮನೆಗೆ ಹಿಂದಿರುಗುತ್ತಿದ್ದರಂತೆ. ದಾರಿಯ ಉದ್ಯಾನದಲ್ಲಿ ಒಬ್ಬ ಭಿಕ್ಷುಕಿ, ಜೊತೆಗೆ ಒಂದು ಪುಟ್ಟ ಮಗು. ತಾಯಿ ಕೈಚಾಚಿ ಬೇಡುತ್ತಿದ್ದರೆ, ಮಗು ಬಣ್ಣದ ಕಾಗದದ ಒಂದು ಚೂರನ್ನು ಹಿಡಿದು, ತಿರುಗಿಸಿ ನೋಡುತ್ತ, ಲೋಕದ ಪರಿವೆಯೇ ಇಲ್ಲದೆ ಕುಳಿತಿತ್ತು. ಆ ಏಕಾಗ್ರತೆಯನ್ನು ಕಂಡು ಅವರ ಮನಸ್ಸು ತಿರುಗಿತು, ಮತ್ತೆ ಓದಿಗೆ ಮರಳಿದರು ಎನ್ನುತ್ತಾರೆ. ಹಸಿದ ಮಗುವಿಗೂ ಕೈಗೊಂದು ವಸ್ತು, ಕಣ್ಣಿಗೊಂದು ಬಣ್ಣ ಬೇಕು ಎಂಬ ವಿಚಾರವನ್ನು ಅವರು ಮುಂದೆ ಜೀವನಪರ್ಯಂತ ಬೆಳೆಸಿದರು.

ಬರಿಗೈಯ ಮಕ್ಕಳು

ಪದವಿ ಪಡೆದ ಬಳಿಕ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸೇವೆ ಆರಂಭವಾಯಿತು. ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಲಾದ ಮಕ್ಕಳನ್ನು ಆ ದಿನಗಳಲ್ಲಿ ಹುಚ್ಚಾಸ್ಪತ್ರೆಯ ಬರಿಯ ಕೋಣೆಗಳಲ್ಲಿ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಆ ಮಕ್ಕಳು ನೆಲಕ್ಕೆ ಬಿದ್ದು ರೊಟ್ಟಿಯ ತುಣುಕುಗಳನ್ನು ಹೆಕ್ಕುವುದನ್ನು ನೋಡಿ ಕಾವಲಿನವಳು ಹೊಟ್ಟೆಬಾಕತನವೆಂದು ಜರೆಯುತ್ತಿದ್ದಳಂತೆ. ಮರಿಯಾ ಅವರು ಸುತ್ತಲೂ ನೋಡಿದರು. ಕೋಣೆಯಲ್ಲಿ ಹಿಡಿಯಲು, ಮುಟ್ಟಲು, ಉರುಳಿಸಲು ಒಂದು ವಸ್ತುವೂ ಇರಲಿಲ್ಲ. ಮಕ್ಕಳು ಹುಡುಕುತ್ತಿದ್ದುದು ಅನ್ನವನ್ನಲ್ಲ, ಕೈಗೆ ಕೆಲಸವನ್ನು ಎಂದು ಅವರಿಗೆ ಮನವರಿಕೆಯಾಯಿತು.

ಫ್ರಾನ್ಸಿನಲ್ಲಿ ಇವರಿಗಿಂತ ಹಿಂದೆ ಇಬ್ಬರು ವೈದ್ಯರು ಈ ದಾರಿಯಲ್ಲಿ ನಡೆದಿದ್ದರು. ಕಾಡಿನಲ್ಲಿ ಸಿಕ್ಕಿದ, ಮಾತು ಬಾರದ ಬಾಲಕನೊಬ್ಬನಿಗೆ ಇಂದ್ರಿಯಗಳ ಮೂಲಕ ಶಿಕ್ಷಣ ಕೊಡಲು ಯತ್ನಿಸಿದ ಇತಾರ್ ಒಬ್ಬರು. ಅವರ ಶಿಷ್ಯ ಸೆಗೇನ್ ಇನ್ನೊಬ್ಬರು. ಮರಿಯಾ ಅವರು ಇವರಿಬ್ಬರ ಬರಹಗಳನ್ನು ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಇಳಿಸಿ, ಸಾವಧಾನವಾಗಿ ಮನನ ಮಾಡಿದರು. 1900ರಲ್ಲಿ ಇಂತಹ ಮಕ್ಕಳ ಶಿಕ್ಷಕರಿಗಾಗಿ ರೋಮಿನಲ್ಲಿ ಒಂದು ತರಬೇತಿ ಶಾಲೆ ತೆರೆದಾಗ ಮರಿಯಾ ಅವರೂ ವೈದ್ಯ ಮಾಂಟೆಸಾನೊ ಅವರೂ ಅದರ ಜಂಟಿ ನಿರ್ದೇಶಕರಾದರು.

ದೂರ ಉಳಿದ ಮಗ

ಇಲ್ಲಿ ಅವರ ಜೀವನದ ಅತ್ಯಂತ ನೋವಿನ ಅಧ್ಯಾಯವನ್ನು ಹೇಳದೆ ಮುಂದುವರಿಯುವಂತಿಲ್ಲ. ಮಾಂಟೆಸಾನೊ ಅವರೊಡನೆ ಮರಿಯಾ ಅವರಿಗೆ ಪ್ರೇಮವಿತ್ತು. 1898ರ ಮಾರ್ಚ್ 31ರಂದು ಅವರಿಗೆ ಒಂದು ಗಂಡುಮಗು ಹುಟ್ಟಿತು. ವಿವಾಹ ನಡೆಯಲಿಲ್ಲ. ಅವಿವಾಹಿತ ತಾಯಿಯೆಂದು ತಿಳಿದಿದ್ದರೆ ಆಕೆಯ ವೃತ್ತಿಯೂ ಮಾನವೂ ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತಿದ್ದ ಕಾಲ ಅದು. ಕೂಸನ್ನು ಗುಟ್ಟಾಗಿ ರೋಮಿನ ಹೊರಗಿನ ಹಳ್ಳಿಯೊಂದರ ದಾದಿಯ ಮನೆಗೆ ಕಳುಹಿಸಲಾಯಿತು. 1901ರಲ್ಲಿ ಮಾಂಟೆಸಾನೊ ಬೇರೊಬ್ಬರನ್ನು ಮದುವೆಯಾದರು. ಮರಿಯಾ ಅವರು ಆ ಸಂಸ್ಥೆಯನ್ನು ಬಿಟ್ಟು ಹೊರಬಂದರು.

ಮಾರಿಯೊ ಎಂಬ ಆ ಮಗ ದಾದಿಯ ಮಡಿಲಲ್ಲಿ ಕತ್ತು ಎತ್ತಿದ, ಬೋರಲು ಬಿದ್ದ, ಅಂಬೆಗಾಲಿಟ್ಟ, ತಪ್ಪುಹೆಜ್ಜೆ ಇಟ್ಟ. ತಾಯಿ ಆಗಾಗ ಬಂದು ನೋಡಿ ಹೋಗುತ್ತಿದ್ದರೂ ತಾನು ಯಾರೆಂದು ಹೇಳಿಕೊಳ್ಳುವಂತಿರಲಿಲ್ಲ. ಹೀಗೆ ಹದಿನೈದು ವರ್ಷ ಉರುಳಿತು. ಶಿಶುವಿನ ಮೊದಲ ವರ್ಷಗಳ ಬೆಲೆಯನ್ನು ಲೋಕಕ್ಕೆ ತಿಳಿಸಿದ ಈ ತಾಯಿಗೆ ತನ್ನ ಸ್ವಂತ ಮಗನ ಆ ವರ್ಷಗಳು ದಕ್ಕಲಿಲ್ಲ. ಇದನ್ನು ನಾವು ಇಲ್ಲಿ ಬರೆಯುವುದು ಅವರನ್ನು ತೂಗಿ ನೋಡುವುದಕ್ಕಲ್ಲ. ಅವರು ಕಳೆದುಕೊಂಡದ್ದು ಏನು ಎಂಬುದು ಅರಿವಾದರೆ, ನಮ್ಮ ಮನೆಯ ತೊಟ್ಟಿಲಲ್ಲಿ ಇರುವುದು ಏನು ಎಂಬುದೂ ಅರಿವಾದೀತು.

ಮಕ್ಕಳ ಮನೆ

1907ರ ಜನವರಿ 6, ಮೂವರು ಜ್ಞಾನಿಗಳು ಬಾಲಯೇಸುವನ್ನು ಕಂಡು ವಂದಿಸಿದ ಹಬ್ಬದ ದಿನ. ಅಂದು ರೋಮಿನ ಸಾನ್ ಲೊರೆನ್ಸೊ ಎಂಬ ಬಡ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ಬಾಗಿಲು ತೆರೆಯಿತು. ಕೂಲಿಗೆ ಹೋಗುವ ತಂದೆತಾಯಂದಿರ ಮಕ್ಕಳು ಹಗಲೆಲ್ಲ ಬೀದಿಪಾಲಾಗಿ ಹೊಸ ಕಟ್ಟಡಗಳ ಗೋಡೆ ಕೆಡಿಸುತ್ತಾರೆಂದು, ಕಟ್ಟಡದ ಒಡೆಯರೇ ಈ ಏರ್ಪಾಡನ್ನು ಬಯಸಿದ್ದರು. ಸುಮಾರು ಐವತ್ತು ಮಕ್ಕಳು. ಅಳುಮುಖ, ಅಂಜುಬುರುಕ ಸ್ವಭಾವ. ಹಬ್ಬದ ಪೂಜೆಯಲ್ಲಿ ಓದಲಾಗುವ ಪ್ರವಾದಿ ಯೆಶಾಯನ ಬೆಳಕಿನ ವಾಕ್ಯಗಳನ್ನು ಅಂದು ಮರಿಯಾ ಅವರು ಆ ಬಡಮಕ್ಕಳಿಗೆ ಅನ್ವಯಿಸಿ ನೆನೆದರು.

ಮುಂದೆ ನಡೆದುದು ಶಿಕ್ಷಣದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಮೂರು ವರ್ಷದ ಬಾಲಕಿಯೊಬ್ಬಳು ಮರದ ದಿಮ್ಮಿಯ ಕುಳಿಗಳಲ್ಲಿ ಅಳತೆಗೆ ತಕ್ಕ ಗುಂಡುಗಳನ್ನು ಕೂರಿಸುವ ಕೆಲಸವನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಉಳಿದ ಮಕ್ಕಳು ಸುತ್ತಲೂ ಹಾಡಿದರೂ, ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲೆ ಇರಿಸಿದರೂ ಆಕೆಯ ಗಮನ ಕದಲಲಿಲ್ಲ. ಕೆಲಸ ಮುಗಿದಾಗ ಆಯಾಸವಿಲ್ಲದೆ, ಸುಖನಿದ್ದೆಯಿಂದ ಎದ್ದವಳಂತೆ ನಕ್ಕಳು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಘಟನೆ ಇನ್ನೊಂದಿದೆ. ಒಂದು ದಿನ ಮರಿಯಾ ಅವರು ಅಂಗಳದಲ್ಲಿದ್ದ ತಾಯಿಯೊಬ್ಬಳ ಕೈಯಿಂದ ನಾಲ್ಕು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ತರಗತಿಗೆ ಬಂದರು. ಇಟಲಿಯ ಅಂದಿನ ರೂಢಿಯಂತೆ ಕೂಸನ್ನು ಬಟ್ಟೆಯ ಪಟ್ಟಿಗಳಿಂದ ಬಿಗಿಯಾಗಿ ಸುತ್ತಲಾಗಿತ್ತು. ಆ ಕೂಸಿನ ನಿಶ್ಶಬ್ದತೆಯನ್ನು ಮಕ್ಕಳಿಗೆ ತೋರಿಸಿ, ಅಷ್ಟು ಸದ್ದಿಲ್ಲದೆ ಇರಲು ನಿಮ್ಮಿಂದ ಸಾಧ್ಯವೇ ಎಂದು ವಿನೋದಕ್ಕೆ ಕೇಳಿದರು. ಮಕ್ಕಳು ಕಾಲು ಕದಲಿಸದೆ, ಉಸಿರನ್ನೂ ಮೆಲ್ಲಗೆ ಬಿಡುತ್ತ ಕುಳಿತುಬಿಟ್ಟರು. ಕೂಸಿನ ನವಿರಾದ ಉಸಿರು ಕೇಳುವಷ್ಟು ಮೌನ ಆವರಿಸಿತು. ಅವರ ಶಾಲೆಗಳಲ್ಲಿ ಇಂದಿಗೂ ನಡೆಯುವ ಮೌನದ ಪಾಠ ಆರಂಭವಾದುದು ಹೀಗೆ.

ಧರ್ಮಭಗಿನಿಯರ ನೆರಳಿನಲ್ಲಿ

1908ರ ಡಿಸೆಂಬರ್ 28ರಂದು ಮೆಸ್ಸೀನಾ ನಗರ ಭೀಕರ ಭೂಕಂಪಕ್ಕೆ ತುತ್ತಾಯಿತು. ಅಲ್ಲಿ ಅನಾಥರಾಗಿ ಉಳಿದ ಮಕ್ಕಳಿಗೆ ರೋಮಿನ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಸಭೆಯ ಧರ್ಮಭಗಿನಿಯರು ತಮ್ಮ ಕಾನ್ವೆಂಟಿನಲ್ಲಿ ಆಶ್ರಯ ಕೊಟ್ಟರು. ಈ ಸಭೆ ಹುಟ್ಟಿದ್ದು 1877ರಲ್ಲಿ, ನಮ್ಮ ಮೈಸೂರು ಸೀಮೆಯ ನೆರೆಯ ನೀಲಗಿರಿಯ ಊಟಿಯಲ್ಲಿ ಎಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿ. ಭಯದಿಂದ ಮೂಕರಾಗಿದ್ದ, ಊಟ ನಿದ್ದೆ ಎರಡನ್ನೂ ಮರೆತಿದ್ದ ಆ ಮಕ್ಕಳಿಗೆ ಮರಿಯಾ ಅವರ ಕ್ರಮದಲ್ಲಿ ಕೈಗೆ ಕೆಲಸ ಕೊಡಲಾಯಿತು. ಮಣಿ ಪೋಣಿಸುವುದು, ಮೇಜು ಅಣಿಗೊಳಿಸುವುದು, ಹೂಗಿಡಗಳ ಆರೈಕೆ ಇಂತಹ ಸಣ್ಣಪುಟ್ಟ ಕೆಲಸಗಳ ನಡುವೆ ಅವರ ಹಸಿವೂ ನಿದ್ದೆಯೂ ಮೆಲ್ಲನೆ ಮರಳಿದವು.

1912ರ ಡಿಸೆಂಬರಿನಲ್ಲಿ ಮರಿಯಾ ಅವರ ತಾಯಿ ತೀರಿಕೊಂಡರು. ಮರುವರ್ಷ ಹದಿನೈದರ ಮಾರಿಯೊ ತಾಯಿಯ ಬಳಿಗೆ ಬಂದು ಸೇರಿದರು. ಆದರೂ ಹೊರಗಿನವರಿಗೆ ಸೋದರಳಿಯ, ಇಲ್ಲವೇ ದತ್ತುಪುತ್ರ ಎಂದೇ ಪರಿಚಯಿಸಬೇಕಾಗಿತ್ತು. ಅಂದಿನಿಂದ ಕೊನೆಯವರೆಗೂ ತಾಯಿಯ ಕೆಲಸದಲ್ಲಿ ಬಲಗೈಯಾಗಿ ನಿಂತವರು ಈ ಮಗನೇ.

ಬಾರ್ಸೆಲೋನಾ ನಗರದಲ್ಲಿ ಮರಿಯಾ ಅವರು ಗುರುಗಳ ನೆರವಿನೊಂದಿಗೆ ಮಕ್ಕಳಿಗಾಗಿ ಒಂದು ಪುಟ್ಟ ದೇವಾಲಯವನ್ನು ಏರ್ಪಡಿಸಿದರು. ಎಟಕುವ ಎತ್ತರದಲ್ಲಿ ತೀರ್ಥದ ಬಟ್ಟಲು, ಸಣ್ಣ ಕುರ್ಚಿಗಳು. ಮಕ್ಕಳು ತಾವೇ ಗೋಧಿಯನ್ನೂ ದ್ರಾಕ್ಷಿಯನ್ನೂ ಬೆಳೆಸಿ, ಪರಮಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂದು ಕೈಯಾರೆ ಅರಿತರು. ಬತ್ತಿಯ ಬೆಳಕು, ಧೂಪದ ಪರಿಮಳ, ಗಂಟೆಯ ನಾದ, ಮೊಣಕಾಲೂರುವ ಚಲನೆ ಇವೆಲ್ಲ ಉಪದೇಶಕ್ಕಿಂತ ಮೊದಲೇ ಮಗುವನ್ನು ಮುಟ್ಟುತ್ತವೆ ಎಂಬುದು ಅವರ ದೃಢ ನಂಬಿಕೆ.

ಭಾರತದ ದಿನಗಳು

ಇಟಲಿಯಲ್ಲಿ ಮುಸೊಲಿನಿಯ ಸರಕಾರದೊಡನೆ ಮೊದಲು ಸಹಕಾರವಿದ್ದರೂ ಮುಂದೆ ಅದು ಮುರಿದುಬಿತ್ತು. 1934ರಲ್ಲಿ ಅವರು ಸ್ವದೇಶ ತೊರೆದರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಅವರನ್ನು ಬಾರ್ಸೆಲೋನಾದಿಂದ ಹೊರದೂಡಿತು. ಹಾಲೆಂಡ್ ಆಶ್ರಯ ಕೊಟ್ಟಿತು. 1939ರ ಕೊನೆಯಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಅರುಂಡೇಲ್ ಮತ್ತು ರುಕ್ಮಿಣೀದೇವಿ ದಂಪತಿಗಳ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದಾಗ ಅವರಿಗೆ ಅರುವತ್ತೊಂಬತ್ತು ವರ್ಷ. ಕೆಲವು ತಿಂಗಳ ತರಬೇತಿ ಮುಗಿಸಿ ಹಿಂದಿರುಗುವುದು ಉದ್ದೇಶ. ದೇಶದ ನಾನಾ ಕಡೆಗಳಿಂದ ಸುಮಾರು 300 ಮಂದಿ ಕಲಿಯಲು ನೆರೆದರು.

1940ರ ಜೂನ್ 10ರಂದು ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ತಾಯಿ ಮಗ ಇಬ್ಬರೂ ಶತ್ರುದೇಶದ ಪ್ರಜೆಗಳಾದರು. ಮಾರಿಯೊ ಅವರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಮರಿಯಾ ಅವರು ಅಡ್ಯಾರಿನ ಆವರಣ ದಾಟಬಾರದೆಂದು ಆಜ್ಞೆಯಾಯಿತು. ತಾಯಿ ಮಗ ಮತ್ತೊಮ್ಮೆ ಅಗಲಿದರು. ಆ ವರ್ಷದ ಆಗಸ್ಟ್ 31ರಂದು ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ವೈಸರಾಯರಿಂದ ಒಂದು ತಂತಿ ಬಂದಿತೆಂದೂ, ಹುಟ್ಟುಹಬ್ಬದ ಕಾಣಿಕೆಯಾಗಿ ಮಗನನ್ನೇ ಹಿಂದಿರುಗಿಸುತ್ತಿರುವುದಾಗಿ ಅದರಲ್ಲಿ ತಿಳಿಸಲಾಗಿತ್ತೆಂದೂ ಜೀವನಚರಿತ್ರೆಕಾರರು ಬರೆದಿದ್ದಾರೆ. ನಲವತ್ತೆರಡು ವರ್ಷ ಬಚ್ಚಿಟ್ಟ ಸಂಬಂಧವನ್ನು ಒಂದು ಸರಕಾರಿ ಕಾಗದ ಬಹಿರಂಗವಾಗಿ ಒಪ್ಪಿಕೊಂಡಂತಾಯಿತು.

ಯುದ್ಧಕಾಲದ ಕೆಲವು ವರ್ಷಗಳನ್ನು ಅವರು ಕೊಡೈಕೆನಾಲಿನ ತಂಪಿನಲ್ಲಿ ಕಳೆದರು. ಆ ಅವಧಿಯಲ್ಲಿ ಅವರ ಚಿಂತನೆ ಮೂರು ವರ್ಷಕ್ಕಿಂತ ಕಿರಿಯ ಮಕ್ಕಳತ್ತ, ಹುಟ್ಟಿದ ಕ್ಷಣದತ್ತ ಹೆಚ್ಚು ಹೆಚ್ಚಾಗಿ ಹರಿಯಿತು. ಸೊಂಟದ ಮೇಲೆ ಕೂಸನ್ನು ಹೊತ್ತು ಸಂತೆಗೂ ಕೆಲಸಕ್ಕೂ ಹೋಗುವ ತಾಯಂದಿರು ಅವರ ಗಮನ ಸೆಳೆದರು. ಅಂತಹ ಕೂಸು ತಾಯಿಯ ಹೆಗಲಿನ ಎತ್ತರದಿಂದ ಬಣ್ಣ, ವಾಸನೆ, ಚೌಕಾಶಿಯ ಮಾತು, ಜನರ ಮುಖ ಎಲ್ಲವನ್ನೂ ತನ್ನೊಳಗೆ ತುಂಬಿಕೊಳ್ಳುತ್ತದೆ. ಒಂಟಿ ಕೋಣೆಯ ತೊಟ್ಟಿಲಲ್ಲಿ ಮಲಗಿರುವ ಸಿರಿವಂತರ ಕೂಸಿಗೆ ಈ ಭಾಗ್ಯವಿಲ್ಲ ಎಂಬುದು ಅವರ ವಿವೇಚನೆಯಾಗಿತ್ತು. ಯುದ್ಧದ ನಂತರ ಅಹಮದಾಬಾದಿನಲ್ಲಿ ಅವರು ನೀಡಿದ ಉಪನ್ಯಾಸಗಳು 1949ರಲ್ಲಿ ಅಡ್ಯಾರಿನಿಂದ ಗ್ರಂಥರೂಪದಲ್ಲಿ ಪ್ರಕಟವಾದವು. ಹೀರಿಕೊಳ್ಳುವ ಮನಸ್ಸು ಎಂಬ ಅರ್ಥದ ಹೆಸರಿನ ಆ ಗ್ರಂಥವೇ ಹಸುಗೂಸಿನ ಕುರಿತ ಅವರ ಮುಖ್ಯ ಕೃತಿ.

ಕೂಸಿನ ದುಡಿಮೆ

ಆ ಬೋಧನೆಯ ಸಾರವನ್ನು ಸರಳವಾಗಿ ಹೇಳೋಣ. ಹುಟ್ಟಿದ ಮಗು ಉಂಡು ಮಲಗುವ ಮಾಂಸದ ಮುದ್ದೆಯಲ್ಲ. ತಾಯಿಯ ಗರ್ಭದಲ್ಲಿ ದೇಹ ರೂಪುಗೊಂಡಂತೆ, ಹುಟ್ಟಿದ ಮೇಲೆ ಮನಸ್ಸು ರೂಪುಗೊಳ್ಳುವ ಎರಡನೆಯ ಗರ್ಭವಾಸವೊಂದಿದೆ. ಈ ಅವಧಿಯಲ್ಲಿ ಕೂಸು ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಇವುಗಳಿಂದ ಲೋಕವನ್ನು ಒಳಗೆ ಎಳೆದುಕೊಳ್ಳುತ್ತದೆ. ಕೈಕಾಲುಗಳಿಂದ ಆ ಲೋಕದ ಮೇಲೆ ಪ್ರಯೋಗ ಮಾಡುತ್ತದೆ. ಇಂದ್ರಿಯವೂ ಚಲನೆಯೂ ಬೇರೆ ಬೇರೆಯಲ್ಲ. ಕಣ್ಣು ಕಂಡದ್ದನ್ನು ಕೈ ಹಿಡಿಯುತ್ತದೆ, ಕೈ ಹಿಡಿದದ್ದನ್ನು ಬಾಯಿ ಪರೀಕ್ಷಿಸುತ್ತದೆ. ಕೈ ಬುದ್ಧಿಯ ಉಪಕರಣ ಎಂಬುದು ಅವರ ಬೋಧನೆಯ ತಿರುಳು.

ಪ್ರತಿಯೊಂದು ಶಕ್ತಿಯೂ ಅರಳಲು ಅದಕ್ಕೇ ಮೀಸಲಾದ ಒಂದು ಕಾಲವಿದೆ ಎಂಬ ವಿಚಾರವನ್ನು ಅವರು ಹಾಲೆಂಡಿನ ಸಸ್ಯವಿಜ್ಞಾನಿ ಹ್ಯೂಗೊ ದ ವ್ರೀಸ್ ಅವರಿಂದ ಪಡೆದರು. ಕಂಬಳಿಹುಳು ಹುಟ್ಟಿದಾಗ ಬೆಳಕಿನತ್ತ ಸೆಳೆತ ಹೊಂದಿದ್ದು, ಕೊಂಬೆಯ ತುದಿಯ ಎಳೆ ಚಿಗುರನ್ನು ತಲುಪುತ್ತದೆ; ಗಟ್ಟಿ ಎಲೆ ತಿನ್ನುವಷ್ಟು ಬೆಳೆದಾಗ ಆ ಸೆಳೆತ ಮರೆಯಾಗುತ್ತದೆ. ಹಾಗೆಯೇ ಕೂಸಿಗೂ ಮಾತಿನ ಕಾಲ, ನಡಿಗೆಯ ಕಾಲ, ಕ್ರಮದ ಕಾಲಗಳುಂಟು.

ಈ ಕ್ರಮದ ಪ್ರಜ್ಞೆಗೆ ಅವರು ಕೊಟ್ಟ ಉದಾಹರಣೆ ಸ್ವಾರಸ್ಯಕರ. ಆರು ತಿಂಗಳ ಹೆಣ್ಣುಕೂಸಿದ್ದ ಕೋಣೆಗೆ ಬಂದ ಅತಿಥಿಯೊಬ್ಬರು ತಮ್ಮ ಕೊಡೆಯನ್ನು ಮೇಜಿನ ಮೇಲಿರಿಸಿದರು. ಕೂಸು ಅದನ್ನೇ ನೋಡಿ ಅಳತೊಡಗಿತು. ಬೇಕೇನೋ ಎಂದು ಕೊಡೆಯನ್ನು ಹತ್ತಿರ ತಂದರೆ ದೂರ ತಳ್ಳಿತು. ತಾಯಿ ಕೊಡೆಯನ್ನು ಕೋಣೆಯಿಂದ ಆಚೆಗೆ ಒಯ್ದ ಕೂಡಲೇ ಸುಮ್ಮನಾಯಿತು. ಮೇಜಿನ ಮೇಲೆ ಇರಬೇಕಾದುದಲ್ಲದ ವಸ್ತು ಅಲ್ಲಿದ್ದುದು ಅದಕ್ಕೆ ಸಹಿಸದಾಗಿತ್ತು. ಹಟವೆಂದು ನಾವು ಗದರಿಸುವ ಅಳುವಿನ ಹಿಂದೆ ಇಂತಹ ಕಾರಣಗಳು ಎಷ್ಟಿವೆಯೋ.

ಚಲನೆಯ ವಿಷಯದಲ್ಲಿ ಅವರು ದೊಡ್ಡವರ ಆತುರವನ್ನು ಖಂಡಿಸಿದರು. ಬಿಗಿಯಾಗಿ ಸುತ್ತುವ ಪಟ್ಟಿಗಳು, ಕೂಸನ್ನು ನಿಲ್ಲಿಸಿ ನಡೆಸುವ ಚಕ್ರದ ಬುಟ್ಟಿಗಳು, ಕಂಕುಳಿಗೆ ಕಟ್ಟುವ ದಾರಗಳು ಇವೆಲ್ಲ ಮಗುವಿಗೆ ನೆರವಲ್ಲ, ತಡೆ ಎಂದು ತಿಳಿಸಿದರು. ಮಿದುಳೂ ಸ್ನಾಯುಗಳೂ ಸಿದ್ಧವಾದಾಗ ಮಗು ತಾನಾಗಿಯೇ ಏಳುತ್ತದೆ. ನಮ್ಮ ಕೆಲಸ ನೆಲವನ್ನು ಶುಚಿಯಾಗಿಟ್ಟು ಕಾಯುವುದು.

ಇಂದಿನ ವಿಜ್ಞಾನದ ಬೆಳಕಿನಲ್ಲಿ

ಅವರು ಗತಿಸಿದ ನಂತರ ಶಿಶುವಿಜ್ಞಾನ ಬಹುದೂರ ಸಾಗಿದೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಮಗುವಿಗೆ ಕೇಳಿಸುತ್ತದೆ, ಹುಟ್ಟಿದ ಕೂಡಲೇ ತಾಯಿಯ ದನಿಯನ್ನು ಗುರುತಿಸುತ್ತದೆ, ಕೆಲವೇ ದಿನಗಳಲ್ಲಿ ತಾಯಿಯ ಎದೆಹಾಲಿನ ವಾಸನೆಯತ್ತ ತಲೆ ತಿರುಗಿಸುತ್ತದೆ ಎಂಬುದು ಈಗ ಸ್ಥಿರಪಟ್ಟಿದೆ. ನವಜಾತ ಶಿಶುವಿನ ಕಣ್ಣಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತು ಚೆನ್ನಾಗಿ ಕಾಣುತ್ತದೆ. ಹಾಲೂಡಿಸುವ ತಾಯಿಯ ಮುಖ ಇರುವುದು ಸರಿಸುಮಾರು ಅಷ್ಟೇ ದೂರದಲ್ಲಿ. ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುವ ಹುಟ್ಟುಗುಣ ಕೆಲವು ತಿಂಗಳಲ್ಲಿ ಮಾಯವಾಗಿ, ಬೇಕೆಂದು ಕೈಚಾಚಿ ಹಿಡಿಯುವ ಶಕ್ತಿ ಬರುತ್ತದೆ. ಹಿಡಿತ ಅಂಗೈಯಿಂದ ಬೆರಳ ತುದಿಗೆ ಸರಿಯುತ್ತದೆ. ಒಂಬತ್ತು ಹತ್ತು ತಿಂಗಳ ಹೊತ್ತಿಗೆ ನೆಲದ ಮೇಲಿನ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಹೆಕ್ಕುವ ಚಾತುರ್ಯ ಬಂದಿರುತ್ತದೆ. ಹತೋಟಿ ತಲೆಯಿಂದ ಕಾಲಿನತ್ತ ಇಳಿಯುವುದರಿಂದ ಮೊದಲು ಕತ್ತು ನಿಲ್ಲುತ್ತದೆ, ಬಳಿಕ ಬೆನ್ನು, ಕೊನೆಗೆ ಕಾಲು.

ಮರಿಯಾ ಅವರ ಎಲ್ಲ ಮಾತುಗಳೂ ಹಾಗೆಯೇ ಉಳಿದಿಲ್ಲ. ಇಷ್ಟನೆಯ ತಿಂಗಳಿಗೆ ಕೂರುವುದು, ಇಷ್ಟನೆಯ ತಿಂಗಳಿಗೆ ನಡೆಯುವುದು ಎಂದು ಅವರು ಕೊಟ್ಟ ಲೆಕ್ಕಕ್ಕಿಂತ ವಾಸ್ತವದ ವ್ಯತ್ಯಾಸ ಬಹಳ ದೊಡ್ಡದು. ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ ಸಹಜ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದುಬಿಟ್ಟರು. ಆದ್ದರಿಂದ ನೆರೆಮನೆಯ ಮಗು ಹತ್ತು ತಿಂಗಳಿಗೆ ನಡೆಯಿತೆಂದು ಹನ್ನೆರಡು ತಿಂಗಳ ನಮ್ಮ ಮಗುವನ್ನು ಹಳಿಯುವುದು ಅನ್ಯಾಯ. ಆದರೆ ಈ ಗಡುವುಗಳು ದಾಟಿದರೆ, ಅಥವಾ ಮಗು ಸದ್ದಿಗೆ ತಿರುಗದಿದ್ದರೆ, ಮುಖವನ್ನು ನೋಡದಿದ್ದರೆ, ಇನ್ನಷ್ಟು ದಿನ ನೋಡೋಣವೆಂದು ಮುಂದೂಡದೆ ಮಕ್ಕಳ ವೈದ್ಯರನ್ನು ಕಾಣಬೇಕು.

ಚಕ್ರದ ವಾಕರ್‌ಗಳ ಕುರಿತು ಅವರಾಡಿದ ಎಚ್ಚರಿಕೆಯನ್ನು ಇಂದಿನ ವೈದ್ಯರು ಇನ್ನೂ ಬಲವಾಗಿ ಆಡುತ್ತಾರೆ. ಮೆಟ್ಟಿಲಿನಿಂದ ಉರುಳಿ ಪೆಟ್ಟಾಗುವ ಅಪಾಯದ ಕಾರಣ ಕೆನಡಾ ದೇಶ 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ಒಂದು ವರ್ಷ ತುಂಬದ ಮಗುವಿಗೆ ಮೊಬೈಲ್, ದೂರದರ್ಶನಗಳ ಪರದೆ ಸಲ್ಲದೆಂದೂ, ಇನ್ನೂ ಓಡಾಡದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿಸಿ ಆಡಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ನಿದ್ದೆಗೆ ಮಾತ್ರ ಅಂಗಾತ ಮಲಗಿಸುವುದೇ ಸುರಕ್ಷಿತ.

ಕೊನೆಯ ದಿನಗಳು

1949ರಲ್ಲಿ ಭಾರತದಿಂದ ಯುರೋಪಿಗೆ ಮರಳಿದ ಮರಿಯಾ ಅವರ ಹೆಸರು ಅದೇ ವರ್ಷದಿಂದ ಸತತವಾಗಿ ಮೂರು ವರ್ಷ ನೊಬೆಲ್ ಶಾಂತಿ ಪಾರಿತೋಷಕಕ್ಕೆ ಸೂಚಿತವಾಯಿತು. ಪಾರಿತೋಷಕ ಬರಲಿಲ್ಲ. 1952ರ ಮೇ 6ರಂದು, ಮರಿಯಮ್ಮನವರಿಗೆ ಮೀಸಲಾದ ತಿಂಗಳಿನಲ್ಲಿ, ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಎಂಬತ್ತೊಂದರ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಮಾರಿಯೊ ಅವರನ್ನು ಉಯಿಲಿನಲ್ಲಿ ತಮ್ಮ ಮಗನೆಂದೇ ಬರೆದಿದ್ದರು. ಆ ಮಗ 1982ರಲ್ಲಿ ತಾನು ತೀರಿಕೊಳ್ಳುವವರೆಗೂ ತಾಯಿಯ ಕಾರ್ಯವನ್ನು ಮುನ್ನಡೆಸಿದರು.

ನಮ್ಮ ಕುಟುಂಬಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ತಂದೆಯರು ಅನೇಕರು. ಮಗುವಿನ ಮೊದಲ ಹೆಜ್ಜೆಯನ್ನು ದೂರವಾಣಿಯ ಪರದೆಯಲ್ಲಿ ಕಂಡು ಕಣ್ಣೊರೆಸಿಕೊಂಡವರಿದ್ದಾರೆ. ರಜೆ ಮುಗಿದೊಡನೆ ಕೂಸನ್ನು ಅಜ್ಜಿಯ ಮಡಿಲಿಗಿತ್ತು ಕೆಲಸಕ್ಕೆ ಮರಳುವ ತಾಯಂದಿರಿದ್ದಾರೆ. ಅಂತಹವರ ಎದೆಯ ಮೇಲೆ ಇನ್ನೊಂದು ಕಲ್ಲನ್ನು ಹೇರಲು ಈ ಜೀವನಕಥೆಯನ್ನು ಬಳಸುವುದು ಸಲ್ಲದು. ಕೂಸಿಗೆ ಬೇಕಾದುದು ಪ್ರೀತಿಯಿಂದ ನೋಡುವ, ಮಾತನಾಡಿಸುವ, ಕಾಯುವ ಒಂದು ಸ್ಥಿರವಾದ ಮಡಿಲು. ಅಜ್ಜಿ, ಅತ್ತೆ, ಚಿಕ್ಕಮ್ಮ ಯಾರಾದರೂ ಅದನ್ನು ಕೊಡಬಲ್ಲರು. ಹದಿನೈದನೆಯ ವಯಸ್ಸಿಗೆ ತಾಯಿಯನ್ನು ಸೇರಿದ ಮಾರಿಯೊ ಆಕೆಯ ಅತ್ಯಂತ ಆಪ್ತ ಸಹಾಯಕರಾದರೆಂಬುದನ್ನೂ ಮರೆಯಬಾರದು. ತಡವಾಗಿ ಸೇರಿದವರಿಗೂ ಬಾಗಿಲು ತೆರೆದೇ ಇರುತ್ತದೆ.

ಆದರೆ ಕೂಸು ಕಣ್ಣೆದುರಿಗೇ ಇದ್ದೂ ನಾವು ನೋಡದೆ ಇದ್ದರೆ ಅದಕ್ಕೆ ನೆಪವಿಲ್ಲ. ಇಂದು ಸಂಜೆ ಜಪಸರ ಪ್ರಾರ್ಥನೆ ಮುಗಿದ ಬಳಿಕ ಮನೆಯ ನಡುವೆ ಒಂದು ಚಾಪೆ ಹಾಸಿ, ಕೂಸನ್ನು ಬೋರಲು ಬಿಡಿ. ಮರದ ಚಮಚವೊಂದನ್ನೋ ಶುಚಿಯಾದ ಬಟ್ಟೆಯ ಚೆಂಡೊಂದನ್ನೋ ಅದರ ಕೈಗೆ ತುಸು ಎಟಕದಷ್ಟು ದೂರದಲ್ಲಿರಿಸಿ. ತೆಗೆದು ಕೊಡುವ ಆತುರ ಬೇಡ. ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಿ. ಕೂಸು ತಲೆ ಎತ್ತುತ್ತದೆ, ಏದುಸಿರು ಬಿಡುತ್ತದೆ, ಕಾಲಿನಿಂದ ನೆಲವನ್ನು ಒದೆಯುತ್ತದೆ, ಸೋಲುತ್ತದೆ, ಮತ್ತೆ ತಲೆ ಎತ್ತುತ್ತದೆ. ಮರಿಯಾ ಮಾಂಟೆಸರಿಯವರು ಲೋಕಕ್ಕೆ ತೋರಿಸಿದ ದುಡಿಮೆ ಇದೇ.